ಕೊಳವೆಬಾವಿ ನೀರಿನ ರಾಸಾಯನಿಕ ಪರೀಕ್ಷೆ: ಬಂಧ, ರಚನೆ ಮತ್ತು ಗುಣಧರ್ಮಗಳ ಕುರಿತು ಸಾರ್ವಜನಿಕ ಮಾಹಿತಿ

ಬೆಂಗಳೂರು ನಗರದ ಪಶ್ಚಿಮ ಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಹಾಗೂ ಕೆಂಗೇರಿ ಪ್ರದೇಶಗಳ ಅನೇಕ ಮನೆಗಳಲ್ಲಿ ಕಾವೇರಿ ನೀರಿನೊಂದಿಗೆ ಕೊಳವೆಬಾವಿಯ ನೀರೂ ಬಳಕೆಯಲ್ಲಿದೆ. ಬೇಸಿಗೆಯಲ್ಲಿ ಟ್ಯಾಂಕರ್ ಮೂಲಕ ಬರುವ ನೀರು ಸಹ ಬಹುಮಟ್ಟಿಗೆ ಕೊಳವೆಬಾವಿಯದೇ ಆಗಿರುತ್ತದೆ. ಈ ನೀರಿನ ಮಾದರಿಯನ್ನು ಪರೀಕ್ಷೆಗೆ ಸಲ್ಲಿಸುವ ಅರ್ಜಿದಾರರಿಗೆ ದೊರೆಯುವ ವರದಿಯಲ್ಲಿ ಒಟ್ಟು ಗಡಸುತನ, ನೈಟ್ರೇಟ್, ಫ್ಲೋರೈಡ್, ಕ್ಲೋರೈಡ್, ಸಲ್ಫೇಟ್ ಮುಂತಾದ ಹೆಸರುಗಳೂ ಅವುಗಳ ಮುಂದೆ ಅಂಕಿಗಳೂ ಇರುತ್ತವೆ. ವರದಿಯನ್ನು ಪಡೆದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ನೀರನ್ನು ಕುದಿಸಿ ಕುಡಿದರೆ ಸಾಲದೆ?

ಕುದಿಸುವುದರಿಂದ ರೋಗಾಣುಗಳು ನಾಶವಾಗುತ್ತವೆ. ಆದರೆ ನೀರಿನಲ್ಲಿ ಕರಗಿರುವ ಲವಣಗಳ ವಿಷಯದಲ್ಲಿ ಒಂದೇ ಉತ್ತರವನ್ನು ಕೊಡಲು ಬರುವುದಿಲ್ಲ. ಕೆಲವು ಲವಣಗಳು ಕುದಿಸಿದಾಗ ನೀರನ್ನು ಬಿಟ್ಟು ಹೊರಬರುತ್ತವೆ. ಕೆಲವು ಅಲ್ಲಿಯೇ ಉಳಿದು, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತವೆ. ಈ ವ್ಯತ್ಯಾಸಕ್ಕೆ ಆಯಾ ವಸ್ತುವಿನಲ್ಲಿ ಪರಮಾಣುಗಳು ಪರಸ್ಪರ ಬಂಧಿತವಾಗಿರುವ ರೀತಿಯೇ ಕಾರಣ. ಆದುದರಿಂದ ವರದಿಯ ಅಂಕಿಗಳನ್ನು ಓದುವ ಮೊದಲು ಬಂಧ ಮತ್ತು ರಚನೆಗಳ ಸ್ಥೂಲ ಪರಿಚಯವಿರುವುದು ಉಪಯುಕ್ತ.

ಬಂಧ ಮತ್ತು ರಚನೆ

ಪರಮಾಣುಗಳು ಮುಖ್ಯವಾಗಿ ಎರಡು ರೀತಿಗಳಲ್ಲಿ ಕೂಡಿಕೊಳ್ಳುತ್ತವೆ. ಒಂದು ಪರಮಾಣು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಮತ್ತೊಂದು ಅದನ್ನು ಪಡೆದಾಗ ಎರಡೂ ವಿದ್ಯುದಾವೇಶವುಳ್ಳ ಅಯಾನುಗಳಾಗುತ್ತವೆ; ವಿರುದ್ಧ ಆವೇಶಗಳ ನಡುವಿನ ಆಕರ್ಷಣೆಯೇ ಅಯಾನಿಕ ಬಂಧ. ಅಡುಗೆ ಉಪ್ಪು ಇದಕ್ಕೆ ಉದಾಹರಣೆ. ಎಲೆಕ್ಟ್ರಾನುಗಳನ್ನು ಎರಡು ಪರಮಾಣುಗಳು ಹಂಚಿಕೊಂಡಾಗ ಉಂಟಾಗುವುದು ಸಹವೇಲೆನ್ಸಿ ಬಂಧ. ಸಕ್ಕರೆ, ಎಣ್ಣೆ, ಕರ್ಪೂರ ಮೊದಲಾದವುಗಳ ಅಣುಗಳು ಈ ಬಗೆಯ ಬಂಧದಿಂದ ಆಗಿವೆ. ಉಪ್ಪಿನ ಹರಳಿನಲ್ಲಿ ಪ್ರತಿಯೊಂದು ಅಯಾನೂ ಸುತ್ತಲಿನ ಆರು ಅಯಾನುಗಳಿಂದ ಬಿಗಿಯಾಗಿ ಹಿಡಿಯಲ್ಪಟ್ಟಿರುವುದರಿಂದ ಅದು ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕರ್ಪೂರದ ಅಣುಗಳ ನಡುವಿನ ಸೆಳೆತ ದುರ್ಬಲವಾದುದರಿಂದ ಅದು ದೇವರ ಮನೆಯ ಡಬ್ಬಿಯಲ್ಲಿಯೇ ಕ್ರಮೇಣ ಆವಿಯಾಗಿ ಕಡಿಮೆಯಾಗುತ್ತದೆ.

ನೀರಿನ ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳು ಆಮ್ಲಜನಕದೊಂದಿಗೆ ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿ ನಿಂತಿವೆ. ಈ ಬಾಗಿದ ಆಕಾರದಿಂದಾಗಿ ಅಣುವಿನ ಒಂದು ಬದಿ ಸ್ವಲ್ಪ ಋಣಾವೇಶವನ್ನೂ ಇನ್ನೊಂದು ಬದಿ ಸ್ವಲ್ಪ ಧನಾವೇಶವನ್ನೂ ಹೊಂದಿರುತ್ತದೆ. ಉಪ್ಪನ್ನು ನೀರಿಗೆ ಹಾಕಿದಾಗ ನೀರಿನ ಅಣುಗಳು ಪ್ರತಿಯೊಂದು ಅಯಾನನ್ನೂ ಸುತ್ತುವರಿದು ಹರಳಿನಿಂದ ಬಿಡಿಸುತ್ತವೆ. ಎಣ್ಣೆಯ ಅಣುವಿನಲ್ಲಿ ಇಂತಹ ಆವೇಶದ ಬದಿಗಳು ಇಲ್ಲವೆನ್ನುವಷ್ಟು ಕಡಿಮೆ. ಆದಕಾರಣ ನೀರು ಅದನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಬಂಡೆಯ ಮೂಲಕ ಇಳಿಯುವ ಮಳೆಯ ನೀರು ದಾರಿಯಲ್ಲಿ ಖನಿಜಗಳನ್ನು ಕರಗಿಸಿಕೊಳ್ಳುವುದೂ ಇದೇ ಗುಣದಿಂದ.

ಬಂಡೆಯಿಂದ ನೀರಿಗೆ

ಬೆಂಗಳೂರು ನಗರವು ನೈಸ್ ಬಂಡೆಯ ಮೇಲೆ ನಿಂತಿದೆ. ಲಾಲ್‌ಬಾಗ್‌ನಲ್ಲಿ ನೆಲದ ಮೇಲೆ ಕಾಣುವ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಬಂಡೆಯು ಇದೇ ಜಾತಿಗೆ ಸೇರಿದುದು. ನಗರದ ಪಶ್ಚಿಮಕ್ಕೆ, ರಾಮನಗರ ಮತ್ತು ಮಾಗಡಿಯ ಕಡೆ, ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಹೆಸರಾದ ಬೆಟ್ಟಸಾಲು ಇದೆ. ಈ ಬಂಡೆಗಳಲ್ಲಿ ತಾವಾಗಿ ನೀರನ್ನು ಹಿಡಿದಿಡುವ ರಂಧ್ರಗಳಿಲ್ಲ. ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಆಳದ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಮಣ್ಣಿನಲ್ಲಿ ಇಂಗುವಾಗ ಮಳೆಯ ನೀರು ಇಂಗಾಲದ ಡೈ ಆಕ್ಸೈಡನ್ನು ಹೀರಿ ಮೃದು ಆಮ್ಲವಾಗುತ್ತದೆ. ಅದು ಬಂಡೆಯ ಖನಿಜಗಳ ಮೇಲೆ ವರ್ತಿಸಿದಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಹಾಗೂ ಬೈಕಾರ್ಬೊನೇಟ್ ಅಯಾನುಗಳು ನೀರಿಗೆ ಬರುತ್ತವೆ. ಜನರು ಉಪ್ಪುನೀರು ಎಂದು ಕರೆಯುವ ಕೊಳವೆಬಾವಿ ನೀರಿನಲ್ಲಿ ಅನೇಕ ವೇಳೆ ಅಡುಗೆ ಉಪ್ಪಿಗಿಂತ ಈ ಲವಣಗಳೇ ಹೆಚ್ಚಾಗಿರುತ್ತವೆ.

ಗಡಸುತನ

ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಅಯಾನುಗಳ ಪ್ರಮಾಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮಗೊಳಿಸಿ ವರದಿಯಲ್ಲಿ ಒಟ್ಟು ಗಡಸುತನ ಎಂದು ನಮೂದಿಸಲಾಗುತ್ತದೆ. ಭಾರತೀಯ ಮಾನಕ ಐ.ಎಸ್. 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಇದರ ಅಪೇಕ್ಷಣೀಯ ಮಿತಿ ಲೀಟರಿಗೆ 200 ಮಿ.ಗ್ರಾಂ.; ಬೇರೆ ಮೂಲವಿಲ್ಲದ ಪಕ್ಷದಲ್ಲಿ 600 ಮಿ.ಗ್ರಾಂ.ವರೆಗೆ ಅನುಮತಿ ಇದೆ.

ಗಡಸುತನದಲ್ಲಿ ತಾತ್ಕಾಲಿಕ ಮತ್ತು ಶಾಶ್ವತ ಎಂಬ ಎರಡು ವಿಧಗಳಿವೆ. ಕ್ಯಾಲ್ಸಿಯಂ ಬೈಕಾರ್ಬೊನೇಟ್‌ನಿಂದ ಉಂಟಾದುದು ತಾತ್ಕಾಲಿಕ. ಬೈಕಾರ್ಬೊನೇಟ್ ಅಯಾನು ಶಾಖಕ್ಕೆ ನಿಲ್ಲುವುದಿಲ್ಲ. ಕುದಿಸಿದಾಗ ಅದು ಇಂಗಾಲದ ಡೈ ಆಕ್ಸೈಡನ್ನು ಗಾಳಿಗೆ ಬಿಟ್ಟು ಕಾರ್ಬೊನೇಟ್ ಆಗುತ್ತದೆ. ಎರಡು ಧನಾವೇಶಗಳ ಕ್ಯಾಲ್ಸಿಯಂ ಮತ್ತು ಎರಡು ಋಣಾವೇಶಗಳ ಕಾರ್ಬೊನೇಟ್ ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂದರೆ ನೀರಿನ ಅಣುಗಳು ಅವನ್ನು ಬಿಡಿಸಲಾರವು. ಶುದ್ಧ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಲೀಟರಿಗೆ 20 ಮಿ.ಗ್ರಾಂ.ಗಿಂತಲೂ ಕಡಿಮೆ ಕರಗುತ್ತದೆ. ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ, ಸೌರ ಜಲತಾಪಕದ ಕೊಳವೆಗಳಲ್ಲಿ ಕಟ್ಟುವ ಬಿಳಿಯ ಪೊರೆ ಇದೇ ಆಗಿದೆ. ತಾತ್ಕಾಲಿಕ ಗಡಸುತನ 250 ಮಿ.ಗ್ರಾಂ. ಇರುವ 1000 ಲೀಟರ್ ನೀರನ್ನು ಪೂರ್ಣವಾಗಿ ಕುದಿಸಿದರೆ ಸುಮಾರು ಕಾಲು ಕಿಲೋಗ್ರಾಂ ಪೊರೆ ಹೊರಬೀಳುತ್ತದೆ. ಇದು ಶಾಖವನ್ನು ಸರಿಯಾಗಿ ಸಾಗಿಸದ ಕಾರಣ ವಿದ್ಯುತ್ ವೆಚ್ಚ ಹೆಚ್ಚುತ್ತದೆ. ನಿಂಬೆರಸ ಅಥವಾ ವಿನೆಗರ್ ಹಾಕಿದರೆ ಪೊರೆಯು ನೊರೆಗುಟ್ಟಿ ಕರಗುತ್ತದೆ.

ಕ್ಯಾಲ್ಸಿಯಂ ಸಲ್ಫೇಟ್ ಮತ್ತು ಕ್ಲೋರೈಡ್‌ಗಳಿಂದ ಉಂಟಾದ ಗಡಸುತನ ಶಾಶ್ವತ. ಸಲ್ಫೇಟ್ ಅಯಾನಿನಲ್ಲಿ ಗಂಧಕದ ಸುತ್ತ ನಾಲ್ಕು ಆಮ್ಲಜನಕಗಳು ದೃಢವಾಗಿ ಬಂಧಿತವಾಗಿವೆ. ಕ್ಲೋರೈಡ್ ಒಂದೇ ಪರಮಾಣುವಿನ ಅಯಾನು, ಅದರಲ್ಲಿ ಒಡೆಯುವುದಕ್ಕೆ ಏನೂ ಇಲ್ಲ. ಒಲೆಯ ಶಾಖದಿಂದ ಇವೆರಡಕ್ಕೂ ಏನೂ ಆಗುವುದಿಲ್ಲ. ಬಟ್ಟೆ ಒಗೆಯುವ ನೀರಿಗೆ ವಾಷಿಂಗ್ ಸೋಡಾ ಹಾಕಿದರೆ ಹೊರಗಿನಿಂದ ಬಂದ ಕಾರ್ಬೊನೇಟ್ ಕ್ಯಾಲ್ಸಿಯಂ ಅನ್ನು ಹಿಡಿದು ಕೆಳಗಿಳಿಸುತ್ತದೆ. ಈ ಕ್ರಮ ಒಗೆಯುವ ನೀರಿಗೆ ಮಾತ್ರ. ಕುಡಿಯುವ ನೀರಿಗೆ ಅಲ್ಲ.

ಬೋರ್ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂಬ ಗೃಹಿಣಿಯರ ದೂರು ವೈಜ್ಞಾನಿಕವಾಗಿಯೂ ಸರಿಯಾದುದು. ಬೇಳೆಯ ಜೀವಕೋಶಗಳನ್ನು ಪರಸ್ಪರ ಅಂಟಿಸಿರುವ ಪೆಕ್ಟಿನ್ ಎಂಬ ಉದ್ದನೆಯ ಅಣುವಿನಲ್ಲಿ ಅಲ್ಲಲ್ಲಿ ಋಣಾವೇಶದ ಗುಂಪುಗಳಿವೆ. ಎರಡು ಆವೇಶಗಳುಳ್ಳ ಕ್ಯಾಲ್ಸಿಯಂ ಒಂದು ಕೈಯಿಂದ ಒಂದು ಎಳೆಯನ್ನೂ ಇನ್ನೊಂದು ಕೈಯಿಂದ ಪಕ್ಕದ ಎಳೆಯನ್ನೂ ಹಿಡಿದು ಸೇತುವೆಯಾಗುತ್ತದೆ. ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಒಂದೇ ಆವೇಶದ ಸೋಡಿಯಂಗೆ ಈ ಸಾಮರ್ಥ್ಯವಿಲ್ಲ.

ರಾಜಾಜಿನಗರದ ಸಾಬೂನು

ರಚನೆಯು ಗುಣವನ್ನು ನಿರ್ಧರಿಸುವುದಕ್ಕೆ ಸಾಬೂನಿಗಿಂತ ಉತ್ತಮ ಉದಾಹರಣೆ ಅಪರೂಪ. ಅದರ ಕಾರ್ಖಾನೆಯೂ ಈ ಭಾಗದಲ್ಲಿಯೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯ ಸ್ಥಾಪನೆಯಾಯಿತು. ತಂತ್ರಜ್ಞಾನವನ್ನು ಕಲಿತುಬರಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಗಿತ್ತು. ಮೈಸೂರು ಸ್ಯಾಂಡಲ್ ಸಾಬೂನು 1918ರಲ್ಲಿ ಮಾರುಕಟ್ಟೆಗೆ ಬಂದಿತು. 1957ರಲ್ಲಿ ಕಾರ್ಖಾನೆಯು ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರವಾಯಿತು. 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. ಇದರ ಹೆಸರನ್ನು ಪಡೆದಿರುವ ಮೆಟ್ರೊ ನಿಲ್ದಾಣವು 2014ರಲ್ಲಿ ಪ್ರಾರಂಭವಾಯಿತು.

ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾದೊಂದಿಗೆ ಕಾಯಿಸಿದಾಗ ಸಾಬೂನು ಉಂಟಾಗುತ್ತದೆ. ಸಾಬೂನಿನ ಪ್ರತಿಯೊಂದು ಘಟಕದಲ್ಲಿ ಹದಿನೆಂಟರ ಆಸುಪಾಸಿನ ಸಂಖ್ಯೆಯ ಇಂಗಾಲದ ಪರಮಾಣುಗಳ ಸರಪಳಿ ಬಾಲದಂತೆ ಇರುತ್ತದೆ. ಅದರ ತುದಿಯಲ್ಲಿ ಋಣಾವೇಶದ ತಲೆ ಇರುತ್ತದೆ. ಬಾಲವು ಎಣ್ಣೆಯ ಜಾತಿ, ತಲೆಯು ಉಪ್ಪಿನ ಜಾತಿ. ಜಿಡ್ಡಿನೊಳಗೆ ಬಾಲಗಳು ಹೊಕ್ಕು, ತಲೆಗಳು ನೀರಿನ ಕಡೆಗೆ ನಿಂತಾಗ ಜಿಡ್ಡು ಸಣ್ಣ ಉಂಡೆಗಳಾಗಿ ನೀರಿನೊಂದಿಗೆ ಹೊರಟುಹೋಗುತ್ತದೆ. ಸರಪಳಿ ತೀರ ಚಿಕ್ಕದಾದರೆ ಜಿಡ್ಡನ್ನು ಹಿಡಿಯುವುದಿಲ್ಲ. ತೀರ ಉದ್ದವಾದರೆ ನೀರಿನಲ್ಲಿ ಕರಗುವುದಿಲ್ಲ.

ಗಡಸು ನೀರಿನಲ್ಲಿ ಒಂದು ಕ್ಯಾಲ್ಸಿಯಂ ಅಯಾನು ಎರಡು ಸಾಬೂನು ತಲೆಗಳನ್ನು ಹಿಡಿದುಕೊಳ್ಳುತ್ತದೆ. ಆವೇಶವೆಲ್ಲ ಅಲ್ಲಿಗೆ ಮುಗಿದು, ಎರಡು ಎಣ್ಣೆ ಜಾತಿಯ ಬಾಲಗಳಷ್ಟೇ ಹೊರಗೆ ಉಳಿದಾಗ ಅದು ಕರಗದ ಕೊಳೆಯಾಗಿ ಬಕೆಟ್ಟಿನ ಅಂಚಿಗೆ ಅಂಟುತ್ತದೆ. ನಷ್ಟದ ಲೆಕ್ಕ ಹೀಗಿದೆ: ಗಡಸುತನ 400 ಮಿ.ಗ್ರಾಂ. ಇರುವ ಒಂದು ಲೀಟರ್ ನೀರು ಸುಮಾರು 2.45 ಗ್ರಾಂ ಶುದ್ಧ ಸಾಬೂನನ್ನು ನೊರೆ ಬರುವ ಮೊದಲೇ ನಿಷ್ಫಲಗೊಳಿಸಬಲ್ಲದು. 20 ಲೀಟರಿನ ಒಂದು ಬಕೆಟ್ಟಿಗೆ ಇದು ಸುಮಾರು 49 ಗ್ರಾಂ ಆಗುತ್ತದೆ. ಸಾಬೂನು ನೊರೆ ಕೊಡದಿದ್ದರೆ ಕಳಪೆ ಸಾಬೂನೆಂದು ದೂರುವ ಮೊದಲು ನೀರನ್ನು ಪರೀಕ್ಷಿಸುವುದು ಒಳಿತು.

ಡಿಟರ್ಜೆಂಟಿನ ತಲೆಯಲ್ಲಿ ಇಂಗಾಲದ ಆಮ್ಲದ ಗುಂಪಿನ ಬದಲು ಗಂಧಕದ ಗುಂಪು ಇರುತ್ತದೆ. ಅದು ಕ್ಯಾಲ್ಸಿಯಂನೊಂದಿಗೆ ಸುಲಭವಾಗಿ ಗಡ್ಡೆ ಕಟ್ಟದ ಕಾರಣ ಗಡಸು ನೀರಿನಲ್ಲಿಯೂ ನೊರೆ ಬರುತ್ತದೆ. ಆದರೆ ಈ ಅನುಕೂಲಕ್ಕೂ ಬೆಲೆ ಇದೆ. ಮೊದಲ ಡಿಟರ್ಜೆಂಟುಗಳ ಇಂಗಾಲದ ಬಾಲವು ಕವಲೊಡೆದಿತ್ತು. ಕವಲಿನ ಬಳಿ ಸೂಕ್ಷ್ಮಾಣುಗಳು ಅದನ್ನು ತುಂಡರಿಸಲಾರದೆ ಹೋದುದರಿಂದ ಯುರೋಪ್ ಮತ್ತು ಅಮೆರಿಕದ ನದಿಗಳಲ್ಲಿ ನೊರೆಯ ರಾಶಿಗಳು ನಿಂತವು. 1960ರ ದಶಕದಲ್ಲಿ ಅಲ್ಲಿನ ತಯಾರಕರು ನೇರ ಬಾಲದ ಡಿಟರ್ಜೆಂಟಿಗೆ ಬದಲಾಯಿಸಿದರು. ನೇರ ಬಾಲವನ್ನು ಕತ್ತರಿಸಲು ಸಹ ಸೂಕ್ಷ್ಮಾಣುಗಳಿಗೆ ಆಮ್ಲಜನಕ ಬೇಕು. ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯ ಕಡೆಗೆ ಹರಿಯುವ ವೃಷಭಾವತಿಯಲ್ಲಿ ಕೊಳಚೆಯ ಕಾರಣದಿಂದ ಆಮ್ಲಜನಕವೇ ಕಡಿಮೆ. ಬೈರಮಂಗಲ ಜಲಾಶಯದ ಬಳಿ ನೊರೆ ಕಾಣಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ನೈಟ್ರೇಟ್: ಕುದಿಸಿದರೆ ಹೆಚ್ಚುವ ಅಪಾಯ

ವರದಿಯಲ್ಲಿ ಎಲ್ಲಕ್ಕಿಂತ ಮೊದಲು ನೋಡತಕ್ಕ ಅಂಕಿ ನೈಟ್ರೇಟ್‌ನದು. ಗಡಸುತನ ಅನಾನುಕೂಲ, ನೈಟ್ರೇಟ್ ಎಳೆಯ ಶಿಶುಗಳಿಗೆ ಪ್ರಾಣಾಪಾಯ.

ಸೋರುವ ಒಳಚರಂಡಿ, ಹಳೆಯ ಶೌಚಗುಂಡಿ ಮತ್ತು ಕೊಳಚೆಯ ಕಾಲುವೆಗಳಿಂದ ನೆಲಕ್ಕೆ ಇಳಿಯುವ ಸಾರಜನಕದ ವಸ್ತುಗಳನ್ನು ಮಣ್ಣಿನ ಸೂಕ್ಷ್ಮಾಣುಗಳು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಈ ಅಯಾನಿನಲ್ಲಿ ಒಂದು ಸಾರಜನಕದ ಸುತ್ತ ಮೂರು ಆಮ್ಲಜನಕಗಳು ಒಂದೇ ಸಮತಲದಲ್ಲಿ, ಪರಸ್ಪರ 120 ಡಿಗ್ರಿ ಅಂತರದಲ್ಲಿ ನಿಂತಿವೆ. ಒಂದು ಋಣಾವೇಶ ಮೂರರ ಮೇಲೂ ಸಮನಾಗಿ ಹರಡಿಕೊಂಡಿರುವುದರಿಂದ ಯಾವ ಧನ ಅಯಾನೂ ಅದನ್ನು ಬಲವಾಗಿ ಹಿಡಿಯಲಾರದು. ಪರಿಣಾಮವಾಗಿ ಅಂತರ್ಜಲದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂಗಳ ನೈಟ್ರೇಟುಗಳೆಲ್ಲವೂ ನೀರಿನಲ್ಲಿ ಧಾರಾಳವಾಗಿ ಕರಗುತ್ತವೆ. ಜೇಡಿಮಣ್ಣಿನ ಕಣಗಳೂ ಋಣಾವೇಶದವೇ ಆದುದರಿಂದ ಮಣ್ಣು ನೈಟ್ರೇಟನ್ನು ತಡೆಹಿಡಿಯುವುದಿಲ್ಲ. ಅದು ನೀರಿನೊಂದಿಗೆ ನೇರವಾಗಿ ಕೆಳಗಿಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ತಿಳಿಯುವುದಿಲ್ಲ.

ಐ.ಎಸ್. 10500:2012ರಲ್ಲಿ ಇದರ ಮಿತಿ ಲೀಟರಿಗೆ 45 ಮಿ.ಗ್ರಾಂ.; ಬೇರೆ ಮೂಲವಿಲ್ಲವೆಂಬ ಕಾರಣಕ್ಕೂ ಸಡಿಲಿಕೆ ಇಲ್ಲ. ಮಿತಿ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಆರು ತಿಂಗಳೊಳಗಿನ ಶಿಶುವಿಗೆ ಕುಡಿಸಿದಾಗ ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ ಬದಲಾಗುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದ ಒಂದು ಎಲೆಕ್ಟ್ರಾನನ್ನು ಕಸಿಯುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣವು ಆಮ್ಲಜನಕವನ್ನು ಹೊರಲಾರದು. ಶಿಶುವಿನ ತುಟಿ, ಉಗುರು ಮತ್ತು ಚರ್ಮ ನೀಲಿಗಟ್ಟುತ್ತವೆ. ಹೀಗೆ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಇಲ್ಲಿ ಕಾಳಜಿಯೇ ಅಪಾಯಕ್ಕೆ ದಾರಿಯಾಗುವ ಸಂಭವವಿದೆ. ಮಗುವಿನ ನೀರನ್ನು ಹೆಚ್ಚು ಹೊತ್ತು ಕುದಿಸಿದಷ್ಟೂ ಶುದ್ಧವೆಂಬುದು ಸಾಮಾನ್ಯ ನಂಬಿಕೆ. ನೈಟ್ರೇಟ್ 45 ಮಿ.ಗ್ರಾಂ. ಇರುವ 10 ಲೀಟರ್ ನೀರನ್ನು 8 ಲೀಟರಿಗೆ ಇಳಿಸಿದರೆ ಅದರ ಪ್ರಮಾಣ ಲೀಟರಿಗೆ 56 ಮಿ.ಗ್ರಾಂ. ದಾಟುತ್ತದೆ. ಪಟಿಕ, ಕ್ಲೋರಿನ್, ಕ್ಯಾಂಡಲ್ ಫಿಲ್ಟರ್ ಮತ್ತು ನೇರಳಾತೀತ ಕಿರಣದ ಉಪಕರಣಗಳೂ ನೈಟ್ರೇಟನ್ನು ತೆಗೆಯುವುದಿಲ್ಲ. ಇಂತಹ ನೀರನ್ನು ಶಿಶುವಿನ ಆಹಾರಕ್ಕೆ ಬಳಸದೆ ಕಾವೇರಿ ನೀರನ್ನು ಕುದಿಸಿ ಬಳಸುವುದು ಸೂಕ್ತ.

ಫ್ಲೋರೈಡ್ ಮತ್ತು ಕ್ರೋಮಿಯಂ

ಫ್ಲೋರೈಡ್ ಗ್ರಾನೈಟ್ ಬಂಡೆಯ ಖನಿಜಗಳಿಂದ ಬರುತ್ತದೆ. ಅಪೇಕ್ಷಣೀಯ ಮಿತಿ 1.0 ಮಿ.ಗ್ರಾಂ., ಗರಿಷ್ಠ 1.5 ಮಿ.ಗ್ರಾಂ. ಇದನ್ನೂ ಕುದಿಸಿ ತೆಗೆಯಲು ಬರುವುದಿಲ್ಲ. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಬಹಳ ಕಡಿಮೆ ಕರಗುವುದರಿಂದ, ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಉಳಿಯಲಾರದು. ನಾಲಿಗೆಗೆ ಮೆದುವಾಗಿ, ಸಾಬೂನಿಗೆ ಚೆನ್ನಾಗಿ ನೊರೆ ಕೊಡುವ ಕೊಳವೆಬಾವಿ ನೀರು ಸುರಕ್ಷಿತವೆಂದು ಭಾವಿಸತಕ್ಕದ್ದಲ್ಲ.

ಕೈಗಾರಿಕೆಗಳ ಸಮೀಪದ ನಿವಾಸಿಗಳು ಕ್ರೋಮಿಯಂ ಪರೀಕ್ಷೆಯನ್ನೂ ಕೋರುವುದು ಒಳ್ಳೆಯದು. ರಾಜಾಜಿನಗರದ ವಾಯವ್ಯಕ್ಕಿರುವ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಇದು ಕಂಡುಬಂದಿರುವುದು ದಾಖಲಾಗಿದೆ. ಲೋಹಲೇಪನ ಇದರ ಒಂದು ಮೂಲ. ಒಂದೇ ಧಾತು ಎರಡು ರೂಪಗಳಲ್ಲಿ ಎರಡು ಬಗೆಯಾಗಿ ವರ್ತಿಸುತ್ತದೆ. ಮೂರು ಆವೇಶದ ಕ್ರೋಮಿಯಂ ಸಾಧಾರಣ ಅಂತರ್ಜಲದಲ್ಲಿ ಹೈಡ್ರಾಕ್ಸೈಡ್ ಆಗಿ ಕೆಳಗಿಳಿಯುತ್ತದೆ; ಜೀವಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ. ಆರರ ಸ್ಥಿತಿಯ ಕ್ರೋಮಿಯಂ ನಾಲ್ಕು ಆಮ್ಲಜನಕಗಳೊಂದಿಗೆ ಕ್ರೋಮೇಟ್ ಅಯಾನಾಗಿರುತ್ತದೆ. ಇದರ ಆಕಾರವೂ ಆವೇಶವೂ ಸಲ್ಫೇಟ್‌ನಂತೆಯೇ ಇರುವುದರಿಂದ, ಸಲ್ಫೇಟ್‌ಗಾಗಿ ಇರುವ ದ್ವಾರದ ಮೂಲಕವೇ ಜೀವಕೋಶವು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಟ್ಟು ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿ.ಗ್ರಾಂ.; ಇದಕ್ಕೂ ಸಡಿಲಿಕೆ ಇಲ್ಲ.

ಮನೆಯ ಉಪಕರಣಗಳು

ನೀರು ಮೆದುಗೊಳಿಸುವ ಸಾಫ್ಟನರ್ ಮತ್ತು ಆರ್.ಓ. ಉಪಕರಣಗಳು ಒಂದೇ ಕೆಲಸ ಮಾಡುತ್ತವೆಂಬುದು ತಪ್ಪು ತಿಳುವಳಿಕೆ. ಸಾಫ್ಟನರಿನ ರಾಳದ ಮಣಿಗಳಲ್ಲಿ ಋಣಾವೇಶದ ಗುಂಪುಗಳಿದ್ದು, ಅವು ಸೋಡಿಯಂಗಿಂತ ಕ್ಯಾಲ್ಸಿಯಂ ಅನ್ನು ಬಲವಾಗಿ ಹಿಡಿಯುತ್ತವೆ; ಪ್ರತಿಯಾಗಿ ಸೋಡಿಯಂ ನೀರಿಗೆ ಬರುತ್ತದೆ. ನಿಗದಿತ ಅವಧಿಗೆ ಉಪ್ಪಿನ ದ್ರಾವಣವನ್ನು ಹಾಯಿಸಿ ಮಣಿಗಳನ್ನು ಮರಳಿ ಸಿದ್ಧಗೊಳಿಸಲಾಗುತ್ತದೆ. ಗಡಸುತನ 400 ಮಿ.ಗ್ರಾಂ. ಇದ್ದ ನೀರಿಗೆ ಈ ವಿಧಾನದಿಂದ ಲೀಟರಿಗೆ ಸುಮಾರು 184 ಮಿ.ಗ್ರಾಂ. ಸೋಡಿಯಂ ಸೇರುತ್ತದೆ. ರಕ್ತದೊತ್ತಡವುಳ್ಳವರು ಇದನ್ನು ಕುಡಿಯುವ ಮುನ್ನ ವೈದ್ಯರ ಸಲಹೆ ಪಡೆಯಬೇಕು. ನೈಟ್ರೇಟ್ ಋಣ ಅಯಾನಾದುದರಿಂದ ಈ ಮಣಿಗಳು ಅದನ್ನು ಮುಟ್ಟುವುದೇ ಇಲ್ಲ. ಆರ್.ಓ. ಉಪಕರಣದ ಪೊರೆಯು ನೀರನ್ನು ಬಿಟ್ಟು ಅಯಾನುಗಳಲ್ಲಿ ಬಹುಪಾಲನ್ನು ತಡೆಯುತ್ತದೆ. ಅದರಿಂದ ಹೊರಬರುವ ತ್ಯಾಜ್ಯ ನೀರನ್ನು ನೆಲ ತೊಳೆಯಲು ಬಳಸಬಹುದು.

ಮಾದರಿಯ ಸಂಗ್ರಹಣೆ

ಕಾವೇರಿ ನೀರು ಮತ್ತು ಕೊಳವೆಬಾವಿ ನೀರು ಒಂದೇ ಸಂಪಿನಲ್ಲಿ ಬೆರೆಯುವ ಮನೆಗಳಲ್ಲಿ ಅಡುಗೆಮನೆಯ ನಲ್ಲಿಯಿಂದ ತಂದ ಮಾದರಿಯ ಫಲಿತಾಂಶ ದಿನದಿಂದ ದಿನಕ್ಕೆ ಬದಲಾಗುತ್ತದೆ. ಆದುದರಿಂದ ಅರ್ಜಿದಾರರು ಕೊಳವೆಬಾವಿಯ ಪಂಪಿನ ಬಾಯಿಂದಲೇ ಮಾದರಿಯನ್ನು ಹಿಡಿಯತಕ್ಕದ್ದು. ಪಂಪನ್ನು ಕನಿಷ್ಠ 10 ನಿಮಿಷ ಓಡಿಸಿ, 2 ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಗಾಳಿಗೆ ಜಾಗವಿಲ್ಲದಂತೆ ತುಂಬಿ ಮುಚ್ಚಬೇಕು. ಕ್ಯಾನನ್ನು ಸಾಬೂನು ಅಥವಾ ಡಿಟರ್ಜೆಂಟಿನಿಂದ ತೊಳೆಯಬಾರದು. ಸ್ಥಳ, ದಿನಾಂಕ, ಸಮಯ ಹಾಗೂ ತಿಳಿದಿದ್ದಲ್ಲಿ ಕೊಳವೆಬಾವಿಯ ಆಳವನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಟ್ಯಾಂಕರ್ ನೀರಾದಲ್ಲಿ ಹಾಗೆಂದು ನಮೂದಿಸಬೇಕು. ಪ್ರತಿ ಟ್ಯಾಂಕರಿನ ಮೂಲ ಬೇರೆಯಿರಬಹುದಾದ್ದರಿಂದ ಒಂದು ವರದಿ ಮುಂದಿನ ಟ್ಯಾಂಕರಿಗೆ ಅನ್ವಯವಾಗುವುದಿಲ್ಲ.

ನೈಟ್ರೇಟ್ ಪರೀಕ್ಷೆಯ ಮಾದರಿಯನ್ನು ಬಿಸಿಲಿನಲ್ಲಿಡದೆ, ತಂಪಾಗಿರಿಸಿ, ಅದೇ ದಿನ ಸಲ್ಲಿಸುವಂತೆ ಕೋರಲಾಗಿದೆ; ತಡವಾದಲ್ಲಿ ಸೂಕ್ಷ್ಮಾಣುಗಳ ಕ್ರಿಯೆಯಿಂದ ಪ್ರಮಾಣ ಬದಲಾಗುತ್ತದೆ. ರೋಗಾಣು ಪರೀಕ್ಷೆಗೆ ಈ ಕ್ಯಾನ್ ಬಳಕೆಯಾಗುವುದಿಲ್ಲ. ಅದಕ್ಕೆ ಪ್ರಯೋಗಾಲಯದಿಂದ ಕ್ರಿಮಿಶುದ್ಧಗೊಳಿಸಿದ ಸೀಸೆಯನ್ನು ಪ್ರತ್ಯೇಕವಾಗಿ ಪಡೆಯತಕ್ಕದ್ದು. ಮನೆಯಲ್ಲಿ ಆರು ತಿಂಗಳೊಳಗಿನ ಶಿಶುವಿದ್ದಲ್ಲಿ ಆ ಸಂಗತಿಯನ್ನು ಅರ್ಜಿಯ ಮೇಲ್ಭಾಗದಲ್ಲಿಯೇ ಬರೆಯಬೇಕು, ಮತ್ತು ವರದಿ ಕೈಸೇರುವವರೆಗೆ ಕೊಳವೆಬಾವಿ ನೀರನ್ನು ಶಿಶುವಿನ ಹಾಲಿಗೆ ಬಳಸಬಾರದು.